ಬ್ರೂನೊ ವಾಲ್ಟರ್: ಗುರುವಿನ ವಿದಾಯಗೀತೆಯನ್ನು ಕಾಯ್ದ ಶಿಷ್ಯ

1938ರ ಜನವರಿ 16, ಭಾನುವಾರ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಸಂಗೀತಾಸಕ್ತರು ನೆರೆದಿದ್ದರು. ವೇದಿಕೆಯ ಮೇಲೆ ವಿಶ್ವವಿಖ್ಯಾತ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಅದರ ಮುಂದೆ ಅರವತ್ತೊಂದು ವರ್ಷದ ನಿರ್ದೇಶಕ ಬ್ರೂನೊ ವಾಲ್ಟರ್. ಅಂದು ಅವರು ನುಡಿಸಲು ಆರಿಸಿಕೊಂಡಿದ್ದ ಕೃತಿ ಗುಸ್ತಾವ್ ಮಾಲರ್ ಅವರ ಒಂಬತ್ತನೆಯ ಸಿಂಫನಿ. ಮಾಲರ್ ಪೂರ್ಣಗೊಳಿಸಿದ ಕೊನೆಯ ಸಿಂಫನಿ ಅದು. ಬದುಕಿಗೆ ಹೇಳಿದ ವಿದಾಯವೆಂದೇ ಸಂಗೀತಲೋಕ ಅದನ್ನು ಕೇಳುತ್ತ ಬಂದಿದೆ.

ಸಭಾಂಗಣದಲ್ಲಿ ಅಂದು ಮೈಕ್ರೋಫೋನುಗಳೂ ಇದ್ದವು. ಲಂಡನ್ನಿನ ಗ್ರಾಮಫೋನ್ ಕಂಪೆನಿ ಆ ಕಚೇರಿಯನ್ನು ನಡೆದ ಹಾಗೆಯೇ ಧ್ವನಿಮುದ್ರಿಸಿಕೊಳ್ಳುತ್ತಿತ್ತು. ಶ್ರೋತೃಗಳ ಕೆಮ್ಮು, ಆಸನಗಳ ಕಿರುಗುಟ್ಟುವಿಕೆ ಎಲ್ಲವೂ ಸಂಗೀತದೊಂದಿಗೆ ಮೇಣದ ತಟ್ಟೆಯ ಮೇಲೆ ದಾಖಲಾದವು. ಇದಾಗಿ ಎಂಟು ವಾರಗಳು ತುಂಬುವ ಮೊದಲೇ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಪ್ರವೇಶಿಸಿತು. ಆ ಸಂಗೀತ, ಅದನ್ನು ನಿರ್ದೇಶಿಸಿದ ವ್ಯಕ್ತಿ, ನುಡಿಸಿದ ಹಲವು ವಾದಕರು ಆ ನಗರಕ್ಕೆ ಬೇಡವಾದರು. ಉಳಿದುಕೊಂಡದ್ದು ಇಪ್ಪತ್ತು ಮುಖಗಳ ಆ ಧ್ವನಿಮುದ್ರಿಕೆ ಮಾತ್ರ.

ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಜಗತ್ತು ಕೇಳುತ್ತಿರುವ ಆ ಧ್ವನಿಮುದ್ರಿಕೆಯ ಹಿಂದೆ, ಹದಿನೆಂಟನೆಯ ವಯಸ್ಸಿನಲ್ಲಿ ಗುರುವನ್ನು ಕಂಡು, ಆ ಗುರು ಕಣ್ಮುಚ್ಚಿದ ಅರ್ಧ ಶತಮಾನದವರೆಗೂ ಆತನ ಸಂಗೀತವನ್ನು ಹೊತ್ತು ನಡೆದ ಶಿಷ್ಯನೊಬ್ಬನ ಬದುಕಿದೆ.

ಬರ್ಲಿನ್ನಿನ ಬಾಲಕ

ಬ್ರೂನೊ ಹುಟ್ಟಿದ್ದು 1876ರ ಸೆಪ್ಟೆಂಬರ್ 15ರಂದು, ಬರ್ಲಿನ್ನಿನ ಮಧ್ಯಮ ವರ್ಗದ ಯಹೂದಿ ಕುಟುಂಬವೊಂದರಲ್ಲಿ. ಮನೆತನದ ಹೆಸರು ಷ್ಲೆಸಿಂಗರ್. ತಾಯಿ ಸಂಗೀತ ಬಲ್ಲವರು. ಮಗನಿಗೆ ಪಿಯಾನೋದ ಮೊದಲ ಪಾಠಗಳು ಅವರಿಂದಲೇ ದೊರೆತವು. ಬರ್ಲಿನ್ನಿನ ಸ್ಟರ್ನ್ ಸಂಗೀತ ಶಾಲೆಗೆ ಸೇರಿದ ಬಾಲಕ ಹತ್ತು ವರ್ಷ ತುಂಬುವ ವೇಳೆಗೆ ಸಾರ್ವಜನಿಕವಾಗಿ ಪಿಯಾನೋ ನುಡಿಸುವಷ್ಟು ಪಳಗಿದ್ದನು. ಪಿಯಾನೋ ವಾದಕನಾಗಿಯೇ ಹೆಸರು ಮಾಡುವನೆಂದು ಮನೆಯವರೂ ಶಿಕ್ಷಕರೂ ನಂಬಿದ್ದರು.

ಆದರೆ ಹದಿಮೂರನೆಯ ವಯಸ್ಸಿನ ಸುಮಾರಿಗೆ ಅಂದಿನ ಪ್ರಖ್ಯಾತ ನಿರ್ದೇಶಕ ಹಾನ್ಸ್ ಫಾನ್ ಬ್ಯೂಲೋ ಅವರ ಕಚೇರಿಯೊಂದನ್ನು ಕಂಡ ಬ್ರೂನೊನ ಮನಸ್ಸು ಬದಲಾಯಿತು. ತಾನು ಯಾವ ವಾದ್ಯವನ್ನೂ ನುಡಿಸದೆ, ಹತ್ತಾರು ವಾದಕರನ್ನು ಒಂದೇ ಉಸಿರಿಗೆ ತರುವ ಆ ಮನುಷ್ಯನ ಕೆಲಸವೇ ತನ್ನ ಕೆಲಸ ಎಂದು ಬಾಲಕ ನಿಶ್ಚಯಿಸಿಕೊಂಡನು.

ಪಾಶ್ಚಾತ್ಯ ಸಂಗೀತದ ಪರಿಚಯ ಕಡಿಮೆ ಇರುವ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಚೇರಿಯಲ್ಲಿ ರಾಗವನ್ನು ವಿಸ್ತರಿಸುವ ಸ್ವಾತಂತ್ರ್ಯ ಹಾಡುವವರಿಗೂ ನುಡಿಸುವವರಿಗೂ ಇರುತ್ತದೆ. ಸಿಂಫನಿಯಲ್ಲಿ ಹಾಗಿಲ್ಲ. ನೂರು ಮಂದಿ ವಾದಕರಿದ್ದರೂ ಪ್ರತಿಯೊಬ್ಬರೂ ನುಡಿಸಬೇಕಾದ ಪ್ರತಿಯೊಂದು ಸ್ವರವನ್ನೂ ಕೃತಿಕಾರ ಮೊದಲೇ ಬರೆದಿಟ್ಟಿರುತ್ತಾನೆ. ಆ ಬರಹಕ್ಕೆ ಎಷ್ಟು ವೇಗ, ಎಷ್ಟು ಭಾರ, ಎಲ್ಲಿ ಉಸಿರು ಎಂಬುದನ್ನು ನಿರ್ಣಯಿಸುವವನು ನಿರ್ದೇಶಕ. ಕೃತಿಕಾರ ತೀರಿಕೊಂಡ ಮೇಲೆ ಆತನ ಸಂಗೀತ ಬದುಕುವುದು ನಿರ್ದೇಶಕನ ಕೈಯಲ್ಲಿ. ವಾಲ್ಟರ್ ಅವರ ಬದುಕಿನ ಹೊಣೆ ಎಂಥದೆಂಬುದು ಇದರಿಂದ ತಿಳಿಯುತ್ತದೆ.

ಹ್ಯಾಂಬರ್ಗ್‌ನಲ್ಲಿ ಕಂಡ ಗುರು

ಕೊಲೋನ್ ನಗರದ ಅಪೆರಾ ಮಂದಿರದಲ್ಲಿ ಸ್ವಲ್ಪ ಕಾಲ ದುಡಿದು, ಅಲ್ಲಿಯೇ ಮೊದಲ ಬಾರಿಗೆ ನಿರ್ದೇಶನದ ಕೋಲು ಹಿಡಿದ ಬ್ರೂನೊ 1894ರಲ್ಲಿ ಹ್ಯಾಂಬರ್ಗ್‌ಗೆ ಬಂದರು. ಅಲ್ಲಿನ ಅಪೆರಾ ಮಂದಿರದ ಮುಖ್ಯ ನಿರ್ದೇಶಕರಾಗಿದ್ದವರು ಮೂವತ್ತನಾಲ್ಕು ವರ್ಷದ ಗುಸ್ತಾವ್ ಮಾಲರ್. ತೆಳ್ಳನೆಯ ದೇಹ, ಸದಾ ಚಡಪಡಿಕೆ, ತಾಲೀಮಿನಲ್ಲಿ ಕಿಂಚಿತ್ತೂ ರಾಜಿಯಿಲ್ಲ. ವಾದಕರು ಅವರನ್ನು ಕಂಡರೆ ಹೆದರುತ್ತಿದ್ದರು. ಯುವಕ ಬ್ರೂನೊಗೆ ಮಾತ್ರ ಆ ಕಠೋರತೆಯ ಹಿಂದಿನ ತಪನೆ ಮೊದಲ ಭೇಟಿಯಲ್ಲೇ ಕಂಡಿತು.

ಮಾಲರ್ ಹುಟ್ಟಿದ್ದು 1860ರ ಜುಲೈ 7ರಂದು, ಬೊಹಿಮಿಯಾದ ಕಲಿಷ್ಟೆ ಎಂಬ ಹಳ್ಳಿಯಲ್ಲಿ, ಬಡ ಯಹೂದಿ ಕುಟುಂಬದಲ್ಲಿ. ಅಪೆರಾ ನಿರ್ದೇಶಕರೆಂದು ಜಗತ್ತು ಅವರನ್ನು ಗೌರವಿಸುತ್ತಿದ್ದರೂ, ಬೇಸಿಗೆಯ ರಜೆಯಲ್ಲಿ ಅವರು ಬರೆಯುತ್ತಿದ್ದ ಸಿಂಫನಿಗಳನ್ನು ಅರ್ಥ ಮಾಡಿಕೊಂಡವರು ಕೆಲವರೇ. ಆ ಕೆಲವರಲ್ಲಿ ಬ್ರೂನೊ ಒಬ್ಬರಾದರು. 1896ರ ಬೇಸಿಗೆಯಲ್ಲಿ ಆಸ್ಟ್ರಿಯಾದ ಸರೋವರ ತೀರದ ಸ್ಟೈನ್‌ಬಾಕ್‌ನಲ್ಲಿ ಮಾಲರ್ ಮೂರನೆಯ ಸಿಂಫನಿ ಬರೆಯುತ್ತಿದ್ದಾಗ ಶಿಷ್ಯನನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಸುತ್ತಲಿನ ಕಡಿದಾದ ಬೆಟ್ಟಗಳನ್ನು ಬೆರಗಿನಿಂದ ನೋಡುತ್ತಿದ್ದ ಯುವಕನಿಗೆ, ಅವನ್ನು ನೋಡುವ ಅಗತ್ಯವಿಲ್ಲ, ಅವೆಲ್ಲವನ್ನೂ ತಾನಾಗಲೇ ಸಂಗೀತದಲ್ಲಿ ಬರೆದು ಮುಗಿಸಿದ್ದೇನೆ ಎಂಬರ್ಥದ ಮಾತನ್ನು ಗುರು ಹಾಸ್ಯವಾಗಿ ಆಡಿದ್ದರು.

ಅದೇ ವರ್ಷ ಮಾಲರ್ ಶಿಫಾರಸಿನಿಂದ ಬ್ರೂನೊಗೆ ಬ್ರೆಸ್ಲಾವ್ ನಗರದ ರಂಗಮಂದಿರದಲ್ಲಿ ಕೆಲಸ ದೊರೆಯಿತು. ಬ್ರೆಸ್ಲಾವ್ ಎಂದರೆ ಸಿಲೇಸಿಯಾ ಪ್ರಾಂತದ ರಾಜಧಾನಿ. ಷ್ಲೆಸಿಂಗರ್ ಎಂದರೆ ಸಿಲೇಸಿಯಾದವನು ಎಂದೇ ಅರ್ಥ. ಆ ಊರಿನಲ್ಲಿ ಅದು ತೀರ ಸಾಮಾನ್ಯ ಹೆಸರು. ಬೇರೆ ಹೆಸರು ಇಟ್ಟುಕೊಳ್ಳಬೇಕೆಂದು ರಂಗಮಂದಿರದ ಆಡಳಿತ ಷರತ್ತು ಹಾಕಿತು. ಮನಸ್ಸಿಲ್ಲದ ಮನಸ್ಸಿನಿಂದ ಬ್ರೂನೊ ಷ್ಲೆಸಿಂಗರ್, ಬ್ರೂನೊ ವಾಲ್ಟರ್ ಆದರು.

ಮುಂದೆ ಪ್ರೆಸ್‌ಬರ್ಗ್, ರಿಗಾ, ಬರ್ಲಿನ್ ಎಂದು ಊರೂರು ಸುತ್ತಿದ ವಾಲ್ಟರ್ 1901ರಲ್ಲಿ ವಿಯೆನ್ನಾಕ್ಕೆ ಬಂದರು. ಆ ವೇಳೆಗೆ ಮಾಲರ್ ವಿಯೆನ್ನಾದ ರಾಜಾಶ್ರಯದ ಅಪೆರಾದ ಸರ್ವಾಧಿಕಾರಿಯಾಗಿದ್ದರು. ಶಿಷ್ಯನನ್ನು ಸಹಾಯಕನಾಗಿ ಅವರೇ ಕರೆಸಿಕೊಂಡರು. ರಿಗಾದಲ್ಲಿ ಪರಿಚಯವಾದ ಗಾಯಕಿ ಎಲ್ಸಾ ಅವರನ್ನು ವಾಲ್ಟರ್ ಮದುವೆಯಾದದ್ದೂ ಅದೇ ವರ್ಷ. ಲೊಟ್ಟೆ ಮತ್ತು ಗ್ರೆಟೆಲ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

ವಿಯೆನ್ನಾದ ಆರಂಭದ ದಿನಗಳು ಸುಖದವೇನಲ್ಲ. ಮಾಲರ್ ಮೇಲಿನ ದ್ವೇಷವನ್ನು ಪತ್ರಿಕೆಗಳು ಶಿಷ್ಯನ ಮೇಲೂ ಕಾರಿದವು. ಇದೇ ಕಾಲಾವಧಿಯಲ್ಲಿ ವಾಲ್ಟರ್ ಅವರ ಬಲಗೈಯಲ್ಲಿ ವಿಪರೀತ ನೋವು ಕಾಣಿಸಿಕೊಂಡು ಕೋಲು ಹಿಡಿಯಲಾಗದ ಸ್ಥಿತಿ ಬಂತು. ವೈದ್ಯರಿಂದ ವೈದ್ಯರಿಗೆ ಅಲೆದು ಕೊನೆಗೆ ಸಿಗ್ಮಂಡ್ ಫ್ರಾಯ್ಡ್ ಅವರ ಬಳಿ ಹೋದರು. ಬಾಲ್ಯದ ನೆನಪುಗಳನ್ನು ಕೆದಕುವರೆಂದು ನಿರೀಕ್ಷಿಸಿದ್ದ ರೋಗಿಗೆ ಫ್ರಾಯ್ಡ್ ಸೂಚಿಸಿದ್ದು ಸಿಸಿಲಿ ಪ್ರವಾಸ. ಹಿಂತಿರುಗಿದ ಮೇಲೆ, ಕೈಯನ್ನು ಮರೆತು ಸಂಗೀತ ನಿರ್ದೇಶಿಸುವಂತೆ, ಏನಾದರೂ ಆದರೆ ಹೊಣೆ ತನ್ನದೆಂದು ಧೈರ್ಯ ಹೇಳಿದರು. ನಿಧಾನವಾಗಿ ಕೈ ಸರಿಹೋಯಿತು.

ಕೇಳದೆ ಹೋದ ಸಿಂಫನಿ

1907ರ ವರ್ಷ ಮಾಲರ್ ಅವರ ಪಾಲಿಗೆ ಸಿಡಿಲಿನಂತೆ ಬಂತು. ವಿಯೆನ್ನಾ ಅಪೆರಾದ ಹುದ್ದೆಯನ್ನು ತೊರೆಯಬೇಕಾಯಿತು. ಆ ಜುಲೈನಲ್ಲಿ ನಾಲ್ಕು ವರ್ಷದ ಹಿರಿಯ ಮಗಳು ಮರಿಯಾ ಜ್ವರಕ್ಕೆ ಬಲಿಯಾದಳು. ಅದರ ಬೆನ್ನಿಗೇ ವೈದ್ಯರು ಮಾಲರ್ ಹೃದಯದಲ್ಲಿ ದೋಷವಿದೆಯೆಂದು ಪತ್ತೆ ಹಚ್ಚಿದರು. ಬೆಟ್ಟ ಹತ್ತುವುದು, ಈಜುವುದು ಎಲ್ಲಕ್ಕೂ ನಿರ್ಬಂಧ ಬಿತ್ತು.

ಮುಂದಿನ ವರ್ಷಗಳಲ್ಲಿ ಚಳಿಗಾಲವನ್ನು ನ್ಯೂಯಾರ್ಕಿನಲ್ಲೂ ಬೇಸಿಗೆಯನ್ನು ಆಲ್ಪ್ಸ್ ಪರ್ವತದ ಮಡಿಲಿನ ಟೋಬ್ಲಾಕ್‌ನಲ್ಲೂ ಕಳೆದ ಮಾಲರ್, ಚೀನೀ ಕವಿತೆಗಳನ್ನು ಆಧರಿಸಿದ ಭೂಮಿಯ ಹಾಡು ಎಂಬ ಕೃತಿಯನ್ನು ಮೊದಲು ಬರೆದರು. ಇಬ್ಬರು ಗಾಯಕರು, ದೊಡ್ಡ ವಾದ್ಯವೃಂದ ಇರುವ ಆ ಕೃತಿ ವಾಸ್ತವದಲ್ಲಿ ಒಂದು ಸಿಂಫನಿಯೇ. ಆದರೂ ಅದಕ್ಕೆ ಒಂಬತ್ತು ಎಂಬ ಸಂಖ್ಯೆ ಕೊಡಲು ಅವರು ಹಿಂಜರಿದರೆಂದು ಆಪ್ತರು ಹೇಳಿದ್ದುಂಟು. ಬೀಥೋವನ್ ಒಂಬತ್ತರಲ್ಲಿ ನಿಂತಿದ್ದರು. ಬ್ರುಕ್ನರ್ ಒಂಬತ್ತನೆಯದನ್ನು ಮುಗಿಸದೆಯೇ ಕಣ್ಮುಚ್ಚಿದ್ದರು. ಆ ಸಂಖ್ಯೆಯನ್ನು ಕುರಿತು ಮಾಲರ್ ಅವರಿಗೆ ಅಂಜಿಕೆಯಿತ್ತು.

ಕೊನೆಗೂ ಒಂಬತ್ತೆಂಬ ಸಂಖ್ಯೆ ಹೊತ್ತ ಸಿಂಫನಿ ರೂಪುಗೊಂಡದ್ದು 1909ರ ಬೇಸಿಗೆಯಲ್ಲಿ. ಅದರಲ್ಲಿ ನಾಲ್ಕು ಭಾಗಗಳು. ತಡೆದು ತಡೆದು ಮಿಡಿಯುವ ಲಯದೊಂದಿಗೆ ಮೊದಲ ಭಾಗ ತೊಡಗುತ್ತದೆ. ಅದರಲ್ಲಿ ರೋಗಗ್ರಸ್ತ ಹೃದಯದ ಬಡಿತವನ್ನು ಕೇಳಿದವರಿದ್ದಾರೆ. ಎರಡನೆಯದು ಹಳ್ಳಿಗರ ಒರಟು ಕುಣಿತ. ಮೂರನೆಯದು ಕಟು ವ್ಯಂಗ್ಯದ ಓಟ. ನಾಲ್ಕನೆಯದು ತಂತಿವಾದ್ಯಗಳೇ ಪ್ರಧಾನವಾದ ದೀರ್ಘ ವಿಳಂಬ ಗತಿಯ ಪ್ರಾರ್ಥನೆ. ಕೊನೆಯ ಪುಟದಲ್ಲಿ ಇತರ ವಾದ್ಯಗಳೆಲ್ಲ ಮೌನವಾಗಿ, ತಂತಿವಾದ್ಯಗಳು ಮಾತ್ರ ತುಣುಕು ತುಣುಕಾಗಿ ನುಡಿಯುತ್ತ ಕರಗಿಹೋಗುತ್ತವೆ. ಮಕ್ಕಳ ಸಾವನ್ನು ಕುರಿತು ತಾವು ಹಿಂದೆ ರಚಿಸಿದ್ದ ಗೀತೆಯೊಂದರ ಎಳೆಯನ್ನೂ ಮಾಲರ್ ಅಲ್ಲಿ ನೇಯ್ದಿದ್ದಾರೆ. ನಮ್ಮ ಕಚೇರಿಗಳು ಮಂಗಳದೊಂದಿಗೆ ಮುಗಿದರೆ ಈ ಸಿಂಫನಿ ಮುಗಿಯುವುದು ನಿಶ್ಶಬ್ದದಲ್ಲಿ. ಸ್ವರ ಎಲ್ಲಿ ನಿಂತಿತು, ಮೌನ ಎಲ್ಲಿ ಮೊದಲಾಯಿತು ಎಂದು ಗುರುತಿಸುವುದೇ ಕಷ್ಟ.

ಇದನ್ನು ಬರೆಯುವಾಗ ಮಾಲರ್ ಮರಣಶಯ್ಯೆಯಲ್ಲಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ನ್ಯೂಯಾರ್ಕಿನಲ್ಲಿ ಕೈತುಂಬ ಕೆಲಸವಿತ್ತು. 1910ರಲ್ಲಿ ಹತ್ತನೆಯ ಸಿಂಫನಿಯನ್ನು ಕೈಗೆತ್ತಿಕೊಂಡರು. ಅದು ಅಪೂರ್ಣವಾಗಿ ಉಳಿಯಿತು. 1911ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಕೊನೆಯ ಕಚೇರಿ ನಿರ್ದೇಶಿಸಿದ ಅವರು ಸೋಂಕಿನಿಂದ ಹಾಸಿಗೆ ಹಿಡಿದು, ವಿಯೆನ್ನಾಕ್ಕೆ ಮರಳಿ, ಅದೇ ವರ್ಷದ ಮೇ 18ರಂದು ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷ. ಭೂಮಿಯ ಹಾಡನ್ನಾಗಲಿ ಒಂಬತ್ತನೆಯ ಸಿಂಫನಿಯನ್ನಾಗಲಿ ವಾದ್ಯವೃಂದದಲ್ಲಿ ಕೇಳುವ ಭಾಗ್ಯ ಅವರಿಗೆ ಒದಗಲಿಲ್ಲ.

ಆ ಎರಡನ್ನೂ ಜಗತ್ತಿಗೆ ಕೇಳಿಸುವ ಹೊಣೆ ವಾಲ್ಟರ್ ಹೆಗಲಿಗೇರಿತು. ಭೂಮಿಯ ಹಾಡಿನ ಹಸ್ತಪ್ರತಿಯನ್ನು ಮಾಲರ್ ಬದುಕಿದ್ದಾಗಲೇ ಓದಲು ಕೊಟ್ಟಿದ್ದರು. 1911ರ ನವೆಂಬರ್ 20ರಂದು ಮ್ಯೂನಿಕ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. 1912ರ ಜೂನ್ 26ರಂದು ವಿಯೆನ್ನಾದಲ್ಲಿ ಒಂಬತ್ತನೆಯ ಸಿಂಫನಿ ಮೊದಲ ಬಾರಿಗೆ ಧ್ವನಿ ಪಡೆಯಿತು. ಅನುಮಾನ ಬಂದರೆ ಕೇಳಲು ಗುರುವಿಲ್ಲ. ಹೀಗೆ ನುಡಿಸಬೇಕು ಎಂದು ತೋರಿಸಿದವರೂ ಇಲ್ಲ. ಗುರುವಿನೊಂದಿಗೆ ಕಳೆದ ವರ್ಷಗಳ ನೆನಪೊಂದೇ ವಾಲ್ಟರ್ ಅವರಿಗೆ ಆಧಾರವಾಗಿತ್ತು. ಆಗ ಅವರ ವಯಸ್ಸು ಮೂವತ್ತೈದು.

ಬಾಗಿಲು ಮುಚ್ಚಿದ ಜರ್ಮನಿ

1913ರಲ್ಲಿ ವಾಲ್ಟರ್ ಮ್ಯೂನಿಕ್ ಅಪೆರಾದ ಮುಖ್ಯಸ್ಥರಾದರು. ಕಾದಂಬರಿಕಾರ ಥಾಮಸ್ ಮನ್ ಅವರ ಸ್ನೇಹ ಲಭಿಸಿದ್ದು ಅಲ್ಲಿಯೇ. ಹಾನ್ಸ್ ಫಿಟ್ಸ್‌ನರ್ ಅವರ ಪಾಲೆಸ್ಟ್ರಿನಾ ಅಪೆರಾ 1917ರಲ್ಲಿ ಮೊದಲು ರಂಗವೇರಿದ್ದೂ ಅವರ ನಿರ್ದೇಶನದಲ್ಲಿ. 1922ರಲ್ಲಿ ಮ್ಯೂನಿಕ್ ಬಿಟ್ಟ ಬಳಿಕ ಬರ್ಲಿನ್ನಿನ ನಗರ ಅಪೆರಾ, 1929ರಿಂದ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದ ಹೀಗೆ ಒಂದಕ್ಕಿಂತ ಒಂದು ಎತ್ತರದ ಪೀಠಗಳು ಅವರಿಗೆ ಒಲಿದು ಬಂದವು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವದಲ್ಲಿ ಅವರು ನಿರ್ದೇಶಿಸಿದ ಮೊಜಾರ್ಟ್ ಅಪೆರಾಗಳನ್ನು ಕೇಳಲು ಹೊರದೇಶಗಳಿಂದ ಜನ ಬರುತ್ತಿದ್ದರು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಮಾರ್ಚ್ ತಿಂಗಳಲ್ಲಿ ಲೈಪ್‌ಜಿಗ್‌ನಲ್ಲಿ ವಾಲ್ಟರ್ ನಡೆಸಬೇಕಿದ್ದ ಕಚೇರಿಯನ್ನು ಅಧಿಕಾರಿಗಳು ತಡೆದರು. ಕೆಲವೇ ದಿನಗಳಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆಗಿನ ಕಚೇರಿಗೂ ಬೆದರಿಕೆ ಬಂತು. ವಾಲ್ಟರ್ ಕೋಲು ಎತ್ತಿದರೆ ಸಭಾಂಗಣದಲ್ಲಿ ಏನಾದರೂ ಆಗಬಹುದೆಂಬ ಎಚ್ಚರಿಕೆಗೆ ಅವರು ಹಿಂದೆ ಸರಿಯಬೇಕಾಯಿತು. ಅವರ ಬದಲು ಆ ಕಚೇರಿಯನ್ನು ನಡೆಸಿಕೊಟ್ಟವರು ರಿಚರ್ಡ್ ಸ್ಟ್ರಾಸ್. ತಾನು ಹುಟ್ಟಿದ ಊರಿನಲ್ಲಿ, ತನ್ನ ಮಾತೃಭಾಷೆಯ ಜನರ ನಡುವೆ ವಾಲ್ಟರ್ ಅವರಿಗೆ ಜಾಗವಿಲ್ಲವಾಯಿತು. ಮಾಲರ್ ಸಂಗೀತವೂ ಜರ್ಮನಿಯ ಸಾರ್ವಜನಿಕ ವೇದಿಕೆಗಳಿಂದ ಕಣ್ಮರೆಯಾಯಿತು.

ವಾಲ್ಟರ್ ಆಸ್ಟ್ರಿಯಾಕ್ಕೆ ಬಂದರು. 1936ರಲ್ಲಿ ವಿಯೆನ್ನಾದ ಸರ್ಕಾರಿ ಅಪೆರಾದ ಕಲಾ ಹೊಣೆ ಅವರ ಕೈಗೆ ಬಂತು. ಒಂದು ಕಾಲಕ್ಕೆ ಗುರು ಕುಳಿತಿದ್ದ ಸ್ಥಾನ ಅದು. ಆದರೆ ವಿಯೆನ್ನಾವೂ ಸುರಕ್ಷಿತವಾಗಿರಲಿಲ್ಲ. ಅದೇ ವರ್ಷ ಅವರು ಅಪೆರಾ ನಿರ್ದೇಶಿಸುತ್ತಿದ್ದಾಗ ಸ್ಥಳೀಯ ನಾಜಿಗಳು ಸಭಾಂಗಣದೊಳಗೆ ದುರ್ವಾಸನೆಯ ಬಾಂಬುಗಳನ್ನು ಎಸೆದರು. ವಾಲ್ಟರ್ ಪ್ರದರ್ಶನ ನಿಲ್ಲಿಸಲಿಲ್ಲ. ಗುರು ತೀರಿಕೊಂಡು ಇಪ್ಪತ್ತೈದು ವರ್ಷವಾದ ಆ 1936ರಲ್ಲಿಯೇ ಮಾಲರ್ ಕುರಿತ ಅವರ ಪುಸ್ತಕವೂ ಪ್ರಕಟವಾಯಿತು.

ಇಪ್ಪತ್ತು ಮುಖಗಳ ಮುದ್ರಿಕೆ

1938ರ ಆ ಧ್ವನಿಮುದ್ರಣದ ಹಿಂದಿದ್ದವರು ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್. ಭಾರತೀಯರಿಗೆ ಈ ಹೆಸರು ಅಪರಿಚಿತವಲ್ಲ. 1902ರ ನವೆಂಬರ್‌ನಲ್ಲಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡವರು ಇವರೇ. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಮೈಸೂರು ಅರಸರ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲೇ ನಿಧನರಾದುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಭಾರತದ ಮೊದಲ ಗ್ರಾಮಫೋನ್ ತಟ್ಟೆಗಳನ್ನು ಮುದ್ರಿಸಿದ ಗೈಸ್‌ಬರ್ಗ್, ವೃತ್ತಿಜೀವನದ ಕೊನೆಯ ಘಟ್ಟದಲ್ಲಿ ವಿಯೆನ್ನಾದ ಈ ಕಚೇರಿಯನ್ನು ಹಿಡಿದಿಟ್ಟರು.

ಅಂದಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ತುಣುಕು ತುಣುಕಾಗಿ ನುಡಿಸಿ, ತಪ್ಪಾದರೆ ಮತ್ತೆ ನುಡಿಸಿ ಮುದ್ರಿಸುತ್ತಿದ್ದರು. ಸುಮಾರು 70 ನಿಮಿಷಗಳ ಸಿಂಫನಿಯೊಂದನ್ನು ಶ್ರೋತೃಗಳ ಎದುರಿನಲ್ಲಿ ನಡೆದಂತೆಯೇ ಹಿಡಿಯುವುದು ಸಾಹಸದ ಕೆಲಸ. ತಿದ್ದಲು ಅವಕಾಶವಿಲ್ಲ. ಪಿಟೀಲೊಂದು ಎಡವಿದರೆ ಅದೂ ಶಾಶ್ವತ. ಮುದ್ರಣ ಮುಗಿದಾಗ ಸಿಂಫನಿ ಹತ್ತು ತಟ್ಟೆಗಳನ್ನು, ಅಂದರೆ ಇಪ್ಪತ್ತು ಮುಖಗಳನ್ನು ತುಂಬಿತ್ತು. ಮಾಲರ್ ಅವರ ಒಂಬತ್ತನೆಯ ಸಿಂಫನಿಯ ಮೊಟ್ಟಮೊದಲ ಧ್ವನಿಮುದ್ರಿಕೆ ಅದು.

ಇಂದು ಆ ಮುದ್ರಿಕೆಯನ್ನು ಕೇಳುವವರಿಗೆ ಮೊದಲು ಅಚ್ಚರಿ ತರುವುದು ಅದರ ವೇಗ. ವಿದಾಯದ ಸಂಗೀತವೆಂದರೆ ನಿಧಾನ, ಭಾರ ಎಂಬ ನಿರೀಕ್ಷೆಯನ್ನು ವಾಲ್ಟರ್ ಮುರಿಯುತ್ತಾರೆ. ಮೊದಲ ಭಾಗದಲ್ಲಿ ತುರ್ತು ಇದೆ, ಒಮ್ಮೊಮ್ಮೆ ಗಾಬರಿಯೂ ಇದೆ. ಅನಂತರದ ಹಲವು ನಿರ್ದೇಶಕರು ಇಪ್ಪತ್ತೈದು ನಿಮಿಷದವರೆಗೂ ಎಳೆಯುವ ಕೊನೆಯ ಭಾಗ ಇಲ್ಲಿ ಸುಮಾರು ಹದಿನೆಂಟು ನಿಮಿಷದಲ್ಲಿ ಮುಗಿಯುತ್ತದೆ. ನುಡಿಸಾಣಿಕೆಯಲ್ಲಿ ಅಲ್ಲಲ್ಲಿ ಒರಟುತನವಿದೆ. ವಾದಕರಿಗೆ ಈ ಕೃತಿ ಆಗಿನ್ನೂ ದಿನನಿತ್ಯದ ಅಭ್ಯಾಸವಾಗಿರಲಿಲ್ಲ. ಆದರೆ ವೃಂದದ ಪಿಟೀಲುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಇಂದಿನ ವಾದ್ಯವೃಂದಗಳಲ್ಲಿ ಸಿಗುವುದಿಲ್ಲ. ಮಾಲರ್ ಕಾಲದ ನುಡಿಸಾಣಿಕೆ ಅದು.

ಆ ಪಿಟೀಲುಗಳ ಮುಂದಾಳಾಗಿ ಕುಳಿತಿದ್ದವರು ಅರ್ನಾಲ್ಡ್ ರೋಸೆ. 1881ರಿಂದ ಆ ವೃಂದದ ಪ್ರಧಾನ ಪಿಟೀಲುವಾದಕರು. ಮಾಲರ್ ಅವರ ತಂಗಿ ಜಸ್ಟೀನ್ ಅವರ ಪತಿ. ಗುರುವಿನ ಭಾವ ಮುಂದಿನ ಸಾಲಿನಲ್ಲಿ, ಗುರುವಿನ ಶಿಷ್ಯ ನಿರ್ದೇಶಕನ ಪೀಠದಲ್ಲಿ, ಗುರು ಆಳಿದ ನಗರದಲ್ಲಿ ಗುರುವಿನ ಕೃತಿ. ಮಾಲರ್ ಪರಂಪರೆ ವಿಯೆನ್ನಾದಲ್ಲಿ ಹೀಗೆ ಒಂದಾಗಿ ನುಡಿದದ್ದು ಅದೇ ಕೊನೆ.

ಚದುರಿದ ವಾದ್ಯವೃಂದ

ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾದ ಗಡಿ ದಾಟಿತು. ವಾಲ್ಟರ್ ಆಗ ಕಚೇರಿಗಳಿಗಾಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದರು. ಅದರಿಂದ ಅವರ ಪ್ರಾಣ ಉಳಿಯಿತು. ಆದರೆ ವಿಯೆನ್ನಾದಲ್ಲಿದ್ದ ಮಗಳು ಲೊಟ್ಟೆಯನ್ನು ನಾಜಿಗಳು ಬಂಧಿಸಿದರು. ಬಿಡುಗಡೆಯಾಗಿ ಆಕೆ ಹೊರಬರುವವರೆಗೆ ತಂದೆ ಪರದೇಶದಲ್ಲಿ ಪಟ್ಟ ಸಂಕಟ ಊಹೆಗೆ ಬಿಟ್ಟದ್ದು. ಮನೆ, ಸಂಪತ್ತು ಎಲ್ಲವೂ ಹೋದವು.

ಗೈಸ್‌ಬರ್ಗ್ ಆ ಧ್ವನಿಮುದ್ರಿಕೆಯ ಪರೀಕ್ಷಾ ಪ್ರತಿಗಳನ್ನು ನಿರಾಶ್ರಿತ ವಾಲ್ಟರ್ ಅವರಿಗೆ ಪ್ಯಾರಿಸ್‌ನಲ್ಲಿ ಕೇಳಿಸಿ ಒಪ್ಪಿಗೆ ಪಡೆದರು. ತಿಂಗಳುಗಳ ಹಿಂದೆ ತಾನು ನಿಂತು ನಿರ್ದೇಶಿಸಿದ್ದ ಸಭಾಂಗಣಕ್ಕೆ ಕಾಲಿಡಲಾಗದ ಮನುಷ್ಯ, ಅಲ್ಲಿ ಹುಟ್ಟಿದ ನಾದವನ್ನು ಬೇರೊಂದು ದೇಶದಲ್ಲಿ ಕೂತು ಕೇಳಬೇಕಾಯಿತು. ಅದೇ ವರ್ಷ ಫ್ರಾನ್ಸ್ ಅವರಿಗೆ ಪೌರತ್ವ ನೀಡಿತು. ಅವರ ಕೈಯನ್ನು ಒಮ್ಮೆ ಗುಣಪಡಿಸಿದ್ದ ಫ್ರಾಯ್ಡ್ ಕೂಡ ಜೂನ್‌ನಲ್ಲಿ ವಿಯೆನ್ನಾ ತೊರೆದು ಲಂಡನ್ನಿಗೆ ಹೋದರು.

ವಾದ್ಯವೃಂದದಿಂದ ಯಹೂದಿ ವಾದಕರನ್ನು ಹೊರಹಾಕಲಾಯಿತು. 57 ವರ್ಷ ಸೇವೆ ಸಲ್ಲಿಸಿದ್ದ ಅರ್ನಾಲ್ಡ್ ರೋಸೆ ಕೂಡ ಮನೆಗೆ ಹೋಗಬೇಕಾಯಿತು. ಅದೇ ಬೇಸಿಗೆಯಲ್ಲಿ ಪತ್ನಿ ಜಸ್ಟೀನ್ ತೀರಿಕೊಂಡರು. ರೋಸೆ 1939ರಲ್ಲಿ ಲಂಡನ್ ಸೇರಿದರು. ಅವರ ಮಗಳು, ಪಿಟೀಲುವಾದಕಿ ಆಲ್ಮಾ ರೋಸೆ ಯೂರೋಪಿನಲ್ಲಿ ಸಿಕ್ಕಿಬಿದ್ದು ಆಶ್‌ವಿಟ್ಸ್ ಯಾತನಾ ಶಿಬಿರಕ್ಕೆ ಸಾಗಿಸಲ್ಪಟ್ಟರು. ಅಲ್ಲಿ ಮಹಿಳಾ ಕೈದಿಗಳ ವಾದ್ಯವೃಂದವನ್ನು ಮುನ್ನಡೆಸಿದ ಆಕೆ 1944ರ ಏಪ್ರಿಲ್‌ನಲ್ಲಿ ಶಿಬಿರದಲ್ಲೇ ಕೊನೆಯುಸಿರೆಳೆದರು. ಮಾಲರ್ ಅವರ ಸೋದರ ಸೊಸೆ ಆಕೆ. ಅರ್ನಾಲ್ಡ್ ರೋಸೆ 1946ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ವಿಯೆನ್ನಾ ಫಿಲ್‌ಹಾರ್ಮೋನಿಕ್‌ಗೆ ಸೇರಿದ ಏಳು ಮಂದಿ ನಾಜಿ ದಮನಕ್ಕೆ ಬಲಿಯಾದರು. ಐವರು ಶಿಬಿರಗಳಲ್ಲಿ ಸತ್ತರೆ, ಇಬ್ಬರು ಕಿರುಕುಳಕ್ಕೆ ಸಿಲುಕಿ ವಿಯೆನ್ನಾದಲ್ಲೇ ಅಸುನೀಗಿದರು. ಉಳಿದ ವಾದಕರಲ್ಲಿ ನಾಜಿ ಪಕ್ಷ ಸೇರಿದವರೂ ಬಹಳ. 1942ರ ವೇಳೆಗೆ ವೃಂದದ 123 ಸದಸ್ಯರಲ್ಲಿ 60 ಮಂದಿ ಪಕ್ಷದ ಸದಸ್ಯರಾಗಿದ್ದರೆಂದು, ವೃಂದವೇ ನೇಮಿಸಿದ ಇತಿಹಾಸಕಾರರ ಅಧ್ಯಯನ 2013ರಲ್ಲಿ ತಿಳಿಸಿತು. ಜನವರಿ 16ರಂದು ಒಂದೇ ಲಯಕ್ಕೆ ಬಿಲ್ಲು ಎಳೆದ ಕೈಗಳಲ್ಲಿ ಎರಡೂ ಬಗೆಯವು ಇದ್ದವು.

ಸಾಗರದಾಚೆ

ವಾಲ್ಟರ್ ಅವರಿಗೆ ಇನ್ನೂ ಘೋರವಾದ ಆಘಾತ ಕಾದಿತ್ತು. 1939ರ ಆಗಸ್ಟ್‌ನಲ್ಲಿ ಕಿರಿಯ ಮಗಳು ಗ್ರೆಟೆಲ್ ಪತಿಯ ಗುಂಡಿಗೆ ಬಲಿಯಾದಳು. ಆತ ಅನಂತರ ತನ್ನನ್ನೂ ಕೊಂದುಕೊಂಡನು. ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಮಗಳನ್ನು ಕಳೆದುಕೊಂಡ ನೋವಿನಲ್ಲಿ ಮಾಲರ್ ಬರೆದ ಸಿಂಫನಿಯನ್ನು ಜಗತ್ತಿಗೆ ಕೇಳಿಸಿದ ಶಿಷ್ಯನೂ ಅಂಥದೇ ನೋವನ್ನು ಉಣ್ಣಬೇಕಾಯಿತು.

ಆ ವರ್ಷದ ಕೊನೆಯಲ್ಲಿ ವಾಲ್ಟರ್ ಅಮೆರಿಕಕ್ಕೆ ವಲಸೆ ಹೋಗಿ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ನೆಲೆಸಿದರು. ಹಳೆಯ ಗೆಳೆಯ ಥಾಮಸ್ ಮನ್ ಅವರೂ ಅನಂತರ ಅದೇ ಸೀಮೆಗೆ ಬಂದು ಸೇರಿದರು. ಅಮೆರಿಕದ ದೊಡ್ಡ ವಾದ್ಯವೃಂದಗಳೆಲ್ಲ ವಾಲ್ಟರ್ ಅವರನ್ನು ಆಹ್ವಾನಿಸಿದವು. 1943ರ ನವೆಂಬರ್ 14ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಕಚೇರಿಗೆ ಮುನ್ನ ವಾಲ್ಟರ್ ಅಸ್ವಸ್ಥರಾದರು. ಅವರ ಜಾಗದಲ್ಲಿ ದಿಢೀರನೆ ವೇದಿಕೆಯೇರಿದ ಇಪ್ಪತ್ತೈದರ ಯುವಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಒಂದೇ ದಿನದಲ್ಲಿ ಖ್ಯಾತನಾದನು. ಮುಂದೆ ಮಾಲರ್ ಸಿಂಫನಿಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಬರ್ನ್‌ಸ್ಟೈನ್ ಅಗ್ರಗಣ್ಯರು.

1945ರಲ್ಲಿ ಪತ್ನಿ ಎಲ್ಸಾ ತೀರಿಕೊಂಡರು. ಮರುವರ್ಷ ವಾಲ್ಟರ್ ಅಮೆರಿಕದ ಪ್ರಜೆಯಾದರು. ಅವರ ಆತ್ಮಕಥೆಯೂ ಪ್ರಕಟವಾಯಿತು. 1947ರಿಂದ 1949ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ಸಲಹೆಗಾರರಾಗಿದ್ದರು.

ಅದೇ 1947ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ಉತ್ಸವದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಮತ್ತು ವಾಲ್ಟರ್ ಮತ್ತೆ ಮುಖಾಮುಖಿಯಾದರು. ತಮ್ಮನ್ನು ಹೊರದಬ್ಬಿದ ಕಾಲಕ್ಕೆ ಸುಮ್ಮನಿದ್ದವರ, ಆ ಪಕ್ಷದ ಸದಸ್ಯರಾಗಿದ್ದವರ ಎದುರು ಕೋಲು ಎತ್ತುವುದು ಸುಲಭದ ಮಾತಲ್ಲ. ಅದನ್ನು ಔದಾರ್ಯವೆಂದು ಹೊಗಳಿದವರಿದ್ದಾರೆ, ಮರೆವೆಂದು ನೊಂದುಕೊಂಡವರೂ ಇರಬಹುದು. ಅಲ್ಲಿ ಅವರು ನುಡಿಸಿದ್ದು ಭೂಮಿಯ ಹಾಡು. ಹಾಡಿದವರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಫೆರಿಯರ್ ಒಬ್ಬರು. 1952ರಲ್ಲಿ ವಿಯೆನ್ನಾದಲ್ಲೇ ಫೆರಿಯರ್ ಅವರೊಂದಿಗೆ ಆ ಕೃತಿಯನ್ನು ಧ್ವನಿಮುದ್ರಿಸಿದರು. ಏಳು ವರ್ಷಗಳ ಕಾಲ ಮಾಲರ್ ಸಂಗೀತ ನಿಷಿದ್ಧವಾಗಿದ್ದ ನಗರಕ್ಕೆ ಅದನ್ನು ಮರಳಿ ತಂದವರಲ್ಲಿ ವಾಲ್ಟರ್ ಕೂಡ ಒಬ್ಬರು.

ಕೊನೆಯ ಸುತ್ತು

1957ರಲ್ಲಿ ಹೃದಯಾಘಾತಕ್ಕೊಳಗಾದ ವಾಲ್ಟರ್ ಕಚೇರಿಗಳನ್ನು ಕಡಿಮೆ ಮಾಡಿದರು. ಹಿರಿಯ ನಿರ್ದೇಶಕರ ಸಂಗೀತವನ್ನು ಆಗಷ್ಟೇ ಬಂದಿದ್ದ ಸ್ಟೀರಿಯೋ ತಂತ್ರದಲ್ಲಿ ಉಳಿಸಿಕೊಳ್ಳಲು ಕೊಲಂಬಿಯಾ ಕಂಪೆನಿ ಲಾಸ್ ಏಂಜಲೀಸ್‌ನಲ್ಲಿ ಅವರಿಗೆಂದೇ ವಾದಕರ ತಂಡವೊಂದನ್ನು ಕಟ್ಟಿತು. 1960ರಲ್ಲಿ ಅವರು ಕೊನೆಯ ಬಾರಿಗೆ ವಿಯೆನ್ನಾಕ್ಕೆ ಹೋಗಿ ಅದೇ ಮ್ಯೂಸಿಕ್‌ಫೆರೈನ್‌ನಲ್ಲಿ ಮಾಲರ್ ಅವರ ನಾಲ್ಕನೆಯ ಸಿಂಫನಿಯನ್ನು ನಿರ್ದೇಶಿಸಿದರು. ಅದು ಗುರು ಹುಟ್ಟಿದ ನೂರನೆಯ ವರ್ಷ.

1961ರ ಆರಂಭದಲ್ಲಿ, ಎಂಬತ್ತನಾಲ್ಕರ ಇಳಿವಯಸ್ಸಿನಲ್ಲಿ, ವಾಲ್ಟರ್ ಒಂಬತ್ತನೆಯ ಸಿಂಫನಿಯನ್ನು ಎರಡನೆಯ ಬಾರಿಗೆ ಧ್ವನಿಮುದ್ರಿಸಿದರು. ಈ ಬಾರಿ ಶ್ರೋತೃಗಳಿರಲಿಲ್ಲ, ಕೆಮ್ಮುಗಳಿರಲಿಲ್ಲ. ನಾದ ಸ್ಪಷ್ಟ, ವಾದನ ಶುದ್ಧ. 1938ರಲ್ಲಿ 70 ನಿಮಿಷಗಳಲ್ಲಿ ಮುಗಿದಿದ್ದ ಕೃತಿ ಈಗ 80 ನಿಮಿಷ ದಾಟಿತು. ಒಬ್ಬನೇ ಮನುಷ್ಯ, ಒಂದೇ ಸ್ವರಲಿಪಿ. ಆದರೆ ಕೇಳುವುದಕ್ಕೆ ಎರಡು ಬೇರೆ ಸಿಂಫನಿಗಳಂತಿವೆ. ಮೊದಲನೆಯದರಲ್ಲಿ ಕೈಜಾರುತ್ತಿರುವುದನ್ನು ಹಿಡಿದುಕೊಳ್ಳುವ ತಹತಹ. ಎರಡನೆಯದರಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟ ಶಾಂತಿ.

ಮರುವರ್ಷ, 1962ರ ಫೆಬ್ರವರಿ 17ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ಬ್ರೂನೊ ವಾಲ್ಟರ್ ನಿಧನರಾದರು. ಅವರ ಸಮಾಧಿ ಇರುವುದು ಬರ್ಲಿನ್ನಿನಲ್ಲೂ ಅಲ್ಲ, ವಿಯೆನ್ನಾದಲ್ಲೂ ಅಲ್ಲ. ಸ್ವಿಟ್ಜರ್ಲೆಂಡಿನ ಜೆಂಟಿಲಿನೊ ಎಂಬ ಪುಟ್ಟ ಊರಿನಲ್ಲಿ.

1938ರ ಮುದ್ರಿಕೆ ಎಲ್‌ಪಿಗಳಾಗಿ, ಸಿಡಿಗಳಾಗಿ ಮತ್ತೆ ಮತ್ತೆ ಹೊರಬಂದಿದೆ. ತಟ್ಟೆಯ ಕರಕರ ಸದ್ದಿನ ನಡುವೆ ಅದನ್ನು ಕೇಳುವ ನಾವು, ಮುಂದೆ ನಡೆದುದನ್ನೆಲ್ಲ ತಿಳಿದೇ ಕೇಳುತ್ತೇವೆ. ಹಾಗಾಗಿ ಪ್ರತಿ ಸ್ವರದಲ್ಲೂ ಮುನ್ಸೂಚನೆ ಕೇಳಿಸುತ್ತದೆ. ಆದರೆ ಆ ಭಾನುವಾರ ಸಭಾಂಗಣದಲ್ಲಿದ್ದವರಿಗೆ ಅದು ತಿಳಿದಿರಲಿಲ್ಲ. ಆತಂಕವಿತ್ತು, ವದಂತಿಗಳಿದ್ದವು, ಆದರೂ ಮುಂದಿನ ಕಚೇರಿಗೆ ಬರುವೆವೆಂದೇ ಬಹುಮಂದಿ ನಂಬಿದ್ದರು. ರೋಸೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದರು. ವಾಲ್ಟರ್ ಮುಂದಿನ ಊರಿನ ಕಚೇರಿಗೆ ಸಿದ್ಧರಾದರು. ಗುರುವಿನ ವಿದಾಯವನ್ನು ನುಡಿಸಿದೆನೆಂದು ಅವರು ತಿಳಿದಿದ್ದರೇ ಹೊರತು, ತಮ್ಮ ವಿಯೆನ್ನಾದ ವಿದಾಯವೂ ಅದರೊಳಗೆ ಸೇರಿಹೋದದ್ದು ಅವರಿಗೆ ಗೊತ್ತಾದದ್ದು ಆಮೇಲೆ.